ಭೀಮಣ್ಣನ ಪುಸ್ತಕವನ್ನು ನಾನು ತಿದ್ದಿದ್ದು

ಪರರ ಬರಹ ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಮದುವೆಯ ಕರೆಯೋಲೆ ಬಂದರೆ ಊಟಕ್ಕೆ ಹೋಗುವ ಮೊದಲೇ ಅದನ್ನು ತಿದ್ದಿರುತ್ತೇನೆ. ಹೆಂಡತಿ ಮಾನ್ವಿ ಊರಿನ ತನ್ನ ತವರಿಗೆ ಬರೆದ ಕಾಗದದಲ್ಲಿ ಅವಳ ತಾಯಿಯ ಆರೋಗ್ಯ ವಿಚಾರಿಸಿದ ಸಾಲನ್ನೇ ಅನಗತ್ಯವೆಂದು ಒಮ್ಮೆ ಹೊಡೆದುಹಾಕಿದ್ದೆ. ಆಮೇಲೆ ಎರಡು ದಿನ ನನ್ನ ಸಾರಿಗೆ ಉಪ್ಪು ಬೀಳಲಿಲ್ಲ.

ನಲವತ್ತರ ದಶಕದ ನಿಜಾಮಶಾಹಿಯಲ್ಲಿ ನಮ್ಮ ರಾಯಚೂರಿನ ಶಾಲೆಗೆ ಕನ್ನಡ ಮಾಸ್ತರ ಅಂತ ಇದ್ದವನು ನಾನೊಬ್ಬನೇ. ಹಾಗಾಗಿ ದೇವದುರ್ಗದ ಕಡೆಯ ಗೂಗಲ್ ಎಂಬ ಹೊಳೆದಂಡೆಯ ಊರಿನಿಂದ ಅಂಬಿಗರ ಭೀಮಣ್ಣ ತನ್ನ ಆತ್ಮಕಥೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಮನೆಗೇ ಬಂದ. ಒಣ ಸೋರೆಬುರುಡೆಗಳ ಬಾಯಿಗೆ ಮೇಣ ಮೆತ್ತಿ, ಹಗ್ಗದ ಜಾಳಿಗೆಯಲ್ಲಿ ಕಟ್ಟಿ, ಹೊಳೆಗೆ ಬಿದ್ದವರು ಮುಳುಗದಂತೆ ತೊಡುವ ಅಂಗಿಯನ್ನು ಕಂಡುಹಿಡಿದವನು ಈತ.

"ಇರೋದು ಇದೊಂದ ಪ್ರತಿ ರೀ ಮಾಸ್ತರ. ತಪ್ಪು ಇದ್ರ ತಿದ್ದಿ ಕೊಡ್ರಿ. ಮಳಿಗಾಲಕ್ಕ ಮದ್ಲ ಉಳಿದ ಊರಿನ ಅಂಬಿಗರು ಇದನ್ನ ಓದಿಸಿ ಕೇಳಿ, ಅಂಗಿ ಮಾಡ್ಕೋಬೇಕು."

ಓದುತ್ತ ಓದುತ್ತ ದಂಗಾಗಿಹೋದೆ. ಮೊದಲ ಅಂಗಿ ತೊಟ್ಟು ತುಂಬಿದ ಕೃಷ್ಣೆಗೆ ತಾನೇ ಹಾರಿದ್ದ. ಬುರುಡೆಗಳು ಒಡೆದು, ಹೇಗೋ ಈಜಿ ದಂಡೆ ಸೇರಿ, ಮತ್ತೆ ಕಟ್ಟಿಕೊಂಡು ಮರುದಿನ ಮತ್ತೆ ಹಾರಿದ್ದ. ಮೊಣಕಾಲುದ್ದದ ನೀರಿಗೆ ಇಳಿಯಲೂ ಮನೆದೇವರನ್ನು ನೆನೆಯುವವನು ನಾನು! ಆದರೂ ಚಟ ಬಿಡಬೇಕಲ್ಲ. "ಗಂಟು ಇನ್ನೊಮ್ಮೆ ಎಳೆದು ನೋಡು" ಎಂಬ ಸಾಲು ಏಳು ಕಡೆ ಬಂದಿತ್ತು. ಪುನರುಕ್ತಿ ದೋಷ! ಒಂದನ್ನು ಉಳಿಸಿ ಆರನ್ನು ಕೆಂಪು ಶಾಯಿಯಲ್ಲಿ ಕಾಣದಂತೆ ಹೊಡೆದೆ.

ಗೂಗಲ್‌ಗೆ ಹೋಗಿ, ಹೊಳೆದಂಡೆಯಲ್ಲಿ ಕೂತು, ತಿದ್ದಿದ್ದನ್ನು ಹೆಮ್ಮೆಯಿಂದ ಓದಿ ಹೇಳಿದೆ. ಭೀಮಣ್ಣ ಕಣ್ಣು ಮುಚ್ಚಿ ಬೆರಳು ಮಡಿಸುತ್ತ ಕೇಳಿದ. ಓದು ಮುಗಿದಾಗ ಒಂದೇ ಬೆರಳು ಮಡಚಿತ್ತು.

"ಉಳಿದ ಆರು ಮಂದಿ ಎಲ್ಲಿ ಹೋದ್ರು, ಮಾಸ್ತರ?"

"ಮಂದಿ ಅಲ್ಲ ಭೀಮಣ್ಣ, ಸಾಲು. ಒಂದ ಮಾತು ಏಳು ಸಲ ಯಾಕ?"

"ಅಂಗಿ ಗಂಟು ಬಿಚ್ಚಿ ಹೊಳಿ ಪಾಲಾದವರು ಏಳು ಮಂದಿ ರೀ. ಹೆಸರು ಬರದ್ರ ಅವರ ಮನಿಯವರಿಗೆ ಸಂಕಟ ಆಗ್ತದ. ಅದಕ್ಕ ಒಬ್ಬೊಬ್ಬರಿಗೆ ಒಂದೊಂದು ಸಾಲು ಬರದೀನಿ."

"ಬದುಕಿದವರ ಸುದ್ದಿ ಯಾಕ ಬರೀಲಿಲ್ಲ?"

"ಅವರು ಓಡಾಡಾಕತ್ತಾರಲ್ರೀ, ಬರಿಯೋದು ಯಾಕ?"

ಇಂಥ ಮನುಷ್ಯನ ಬರಹದಲ್ಲಿ ದೋಷ ಹುಡುಕಿದ್ದಕ್ಕೆ ನನಗೇ ನಾಚಿಕೆಯಾಯಿತು. ಅಲ್ಲೇ ಕೂತು, ಹೊಡೆದ ಸಾಲುಗಳನ್ನೆಲ್ಲ ಪಕ್ಕದಲ್ಲಿ ಮತ್ತೆ ಬರೆದುಕೊಟ್ಟೆ. ಭೀಮಣ್ಣ ಹಾಳೆ ತಿರುವುತ್ತ ಎಣಿಸಿದ. ಗಾಬರಿಯಲ್ಲಿ ಒಂದು ಹೆಚ್ಚಾಗಿ, ಎಂಟಾಗಿತ್ತು. ನನ್ನ ಲೇಖನಿಯನ್ನೇ ಇಸಿದುಕೊಂಡು ಆ ಎಂಟನೆಯ ಸಾಲನ್ನು ಮೆಲ್ಲಗೆ ಹೊಡೆದ.

"ಇವ ಬದುಕ್ಯಾನ ಬಿಡ್ರಿ," ಎಂದ.

ಆ ಪುಸ್ತಕ ಇವತ್ತಿಗೂ ಅಚ್ಚಾಗಿಲ್ಲ. ಆದರೆ ನನ್ನ ಬರಹವನ್ನು ಇನ್ನೊಬ್ಬರು ತಿದ್ದಿದ್ದು, ತಿದ್ದಿದ್ದಕ್ಕೆ ನಾನು ಕೈ ಮುಗಿದಿದ್ದು, ಅದೇ ಮೊದಲು.