ಗುಂಡಿಗೆ ಬಿದ್ದ ಸುಂಕ

ಚೀಟಿಯಲ್ಲಿ ಇದ್ದದ್ದು ಮೂರೇ ಸಾಲು. ಒಳಗಿರುವ ವಸ್ತು: ಗುಂಡು, ನಲವತ್ತೆಂಟು. ಸುಂಕ: ತೊಂಬತ್ತು. ಆಡಳಿತ ಶುಲ್ಕ: ನಾನೂರೈವತ್ತು.

ಕಾಗುಣಿತರಾಯರು ಅದನ್ನು ಬಾಗಿಲಲ್ಲೇ ನಿಂತು ಮೂರು ಸಲ ಓದಿದರು. (ಮೂರಕ್ಕೆ ಕಮ್ಮಿ ಅವರು ಏನನ್ನೂ ಓದಿದವರಲ್ಲ. ಮದುವೆಯ ಕರೆಯೋಲೆ ಬಂದರೂ ಮೊದಲು ಅಕ್ಷರದ ತಪ್ಪು ಹುಡುಕಿ, ಆಮೇಲೆ ಮದುಮಕ್ಕಳು ಯಾರೆಂದು ನೋಡುತ್ತಿದ್ದರು.) ಇಪ್ಪತ್ತೆಂಟು ವರ್ಷದಿಂದ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ಅಲ್ಲಿಯವರು ಇಟ್ಟ ಈ ಅಡ್ಡಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತೆಂದರೆ, ಅವರ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ನೆನಪಿತ್ತು.

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಪಾರ್ಸೆಲ್ ಬಂತೇ ಎಂದು ಹೆಂಡತಿ ಕೂಗಿ ಕೇಳಿದರು.

"ಬಂತು. ನಿನ್ನ ತಂಗಿ ನಲವತ್ತೆಂಟು ಗುಂಡು ಕಳಿಸಿದ್ದಾಳಂತೆ. ಯಾರ ಮೇಲೆ ಹಾರಿಸಬೇಕು ಅಂತ ಬರೆದಿಲ್ಲ."

"ಗುಂಡಿ ರೀ, ಗುಂಡಿ. ಅಂಗಿ ಗುಂಡಿ."

"ಅದೇ ಹೇಳ್ತಿರೋದು. ಗುಡಿಸು ಹೋಗಿ ಕೊಂಬು ಬಂದಿದೆ."

ಪಾರ್ಸೆಲ್ ಹಿಡಿದು ನಿಂತಿದ್ದ ಕೊರಿಯರ್‌ನವನ ಮುಖ ಗಂಟಿಕ್ಕಿತು. "ಯಾರಿಗೆ ಸಾರ್ ಕೊಂಬು ಬಂದಿರೋದು?"

"ನಿನಗಲ್ಲಪ್ಪ, ಡಕಾರಕ್ಕೆ."

ಅಲ್ಲಿಂದ ಮುಂದೆ ನಡೆದದ್ದು ಅರ್ಧ ಗಂಟೆಯ ಶಾಸ್ತ್ರಾರ್ಥ. ತೊಂಬತ್ತರ ಸುಂಕಕ್ಕೆ ನಾನೂರೈವತ್ತರ ಶುಲ್ಕವೆಂದರೆ ಮೂಗಿಗಿಂತ ಮೂಗುತಿ ಭಾರವಾಯಿತಲ್ಲ ಎಂದು ರಾಯರು ಕೇಳಿದರು. ನಿಮ್ಮ ಪರವಾಗಿ ಸುಂಕದ ಕಚೇರಿಗೆ ಹೋಗಿ ಬಂದದ್ದಕ್ಕೆ ಅದು ಎಂದು ಅವನು ವಿವರಿಸಿದ. ಹೋಗಿ ಬನ್ನಿ ಎಂದು ನಾನು ಕೈಮುಗಿದು ಬೇಡಿಕೊಂಡಿದ್ದೆನೆ ಎಂದು ಇವರು. ಅದು ಮೇಲಿನವರನ್ನು ಕೇಳಬೇಕು ಎಂದು ಅವನು. ಅಷ್ಟರಲ್ಲಿ ಹೆಂಡತಿ ಕತ್ತಿಗೆ ಅಳತೆಪಟ್ಟಿ ಹಾಕಿಕೊಂಡೇ ಹೊರಗೆ ಬಂದರು. ಹಲ್ಲಿನ ಡಾಕ್ಟರಮ್ಮನ ಮದುವೆಯ ಗೌನಿಗೆ ಬೆನ್ನುದ್ದಕ್ಕೂ ಮೂವತ್ತಾರು ಚಿಪ್ಪಿನ ಗುಂಡಿ ಕೂರಿಸಬೇಕಾಗಿತ್ತು. ರವಿಕೆ, ಪರದೆ, ದಿಂಬಿನ ಚೀಲ ಹೊಲಿಯುತ್ತಲೇ ಹದಿನೈದು ವರ್ಷ ಕಳೆದವರಿಗೆ ಸಿಕ್ಕಿದ ಮೊಟ್ಟಮೊದಲ ದೊಡ್ಡ ಕೆಲಸ ಅದು. ಅಂಥ ಗುಂಡಿ ಇಲ್ಲಿ ಸಿಗದೆ ವಿದೇಶದಲ್ಲಿದ್ದ ತಂಗಿಗೆ ಹೇಳಿ ತರಿಸಿದ್ದರು. ಶನಿವಾರದೊಳಗೆ ಗೌನು ಕೊಡಬೇಕು. ಅವತ್ತು ಆಗಲೇ ಮಂಗಳವಾರ.

"ಕೊಟ್ಟು ಕಳಿಸಿಬಿಡಿ ರೀ. ನನ್ನ ಹೊಲಿಗೆ ದುಡ್ಡಲ್ಲೇ ಕೊಡ್ತೀನಿ."

"ದುಡ್ಡಿನ ಪ್ರಶ್ನೆ ಅಲ್ಲ ಕಣೆ, ತತ್ವದ ಪ್ರಶ್ನೆ. ಈ ಶುಲ್ಕ ಅಂತ ಒಂದು ಕಾಸು ಹೊರಗೆ ಹೋದರೂ ನಾನು ಈ ಮನೇಲಿ ತುತ್ತು ಮುಟ್ಟಲ್ಲ."

ತತ್ವದ ಹೆಸರು ಕೇಳಿದ ಮೇಲೆ ಹೆಂಡತಿ ಒಳಗೆ ಹೋಗಿ ಮತ್ತೆ ಯಂತ್ರದ ಮುಂದೆ ಕೂತರು. ಕೊರಿಯರ್‌ನವನು ಪಾರ್ಸೆಲ್ಲನ್ನು ಮತ್ತೆ ಚೀಲಕ್ಕೆ ತುರುಕಿಕೊಂಡು ಮೆಟ್ಟಿಲಿಳಿದು ಹೋದ.

ಅವತ್ತು ಸಂಜೆಯೇ ರಾಯರು ಮೊದಲ ಪತ್ರ ಬರೆದರು. ನಾಲ್ಕು ಪುಟ. ಸುಂಕಕ್ಕೂ ಶುಲ್ಕಕ್ಕೂ ಇರುವ ವ್ಯತ್ಯಾಸ ಒಂದು ಪುಟ, ಗುಂಡು ಮತ್ತು ಗುಂಡಿಯ ವ್ಯುತ್ಪತ್ತಿ ಎರಡು ಪುಟ, ಉಳಿದದ್ದು ಅಕ್ಷರ ಬಲ್ಲವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೇ ಎಂಬ ಹಿತವಚನ. ಓದಿ ಹೇಳಿದಾಗ ಹೆಂಡತಿ, ಇಷ್ಟುದ್ದ ಯಾಕೆ, ಇದು ಗುಂಡಲ್ಲ ಗುಂಡಿ ಅಂತ ಒಂದು ಮಾತು ಹೇಳಿದರೆ ಸಾಲದೇ ಎಂದರು. ರಾಯರು ಕನ್ನಡಕದ ಮೇಲಿನಿಂದ ಅವರನ್ನು ನೋಡಿ, ಲೋಕವ್ಯವಹಾರ ಹಾಗೆ ನಡೆಯುವುದಿಲ್ಲ ಎಂದು ತಿಳಿಹೇಳಿದರು.

ಶನಿವಾರ ಅವರು ಅಚ್ಚುಕೂಟದಿಂದ ಬರುವಷ್ಟರಲ್ಲಿ ಗೌನು ಮನೆಯಿಂದ ಹೋಗಿಯಾಗಿತ್ತು. ಗುಂಡಿಗೆ ಏನು ಮಾಡಿದೆ ಎಂದು ಕೇಳಿದರೆ, ಹೇಗೋ ಹೊಂದಿಸಿದೆ ಎಂದರು ಹೆಂಡತಿ. ರಾಯರು ಕೂಡಲೇ ಕಾಗದ ತೆಗೆದರು. ಕಂಪನಿಯವರ ದುರಾಸೆಯಿಂದ ತನ್ನ ಹೆಂಡತಿ ಯಾವುದೋ ಸಂತೆ ಮಾಲಿನ ಗುಂಡಿ ಹಚ್ಚಿ ಮರ್ಯಾದೆ ಕಳೆದುಕೊಂಡಳಲ್ಲ ಎಂದು ಎರಡನೆಯ ಪತ್ರದಲ್ಲಿ 'ಮಾನಸಿಕ ಕ್ಲೇಶ' ಎಂಬ ಹೊಸ ಅಧ್ಯಾಯ ತೆರೆದರು.

ಆ ಪತ್ರಕ್ಕೆ ಉತ್ತರ ಬಂತು. ಒಂದೇ ಸಾಲು: ತಮ್ಮ ಪಾರ್ಸೆಲ್ಲನ್ನು ತಲುಪಿಸಲಾಗಿದೆ, ಸಹಿ ಪಡೆಯಲಾಗಿದೆ.

ರಾಯರು ಕುರ್ಚಿಯಿಂದ ಎದ್ದೇಬಿಟ್ಟರು. ಇಷ್ಟು ದಿನ ಅದು ಬರೀ ಸುಲಿಗೆಯಾಗಿತ್ತು, ಈಗ ಕಳ್ಳತನವೂ ಆಯಿತು. ಯಾರೋ ಸುಳ್ಳು ಸಹಿ ಮಾಡಿ ಗುಂಡಿಗಳನ್ನು ನುಂಗಿ ನೀರು ಕುಡಿದಿದ್ದಾರೆ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಹೆಂಡತಿಯ ಮುಂದೆ ಪತ್ರ ಹಿಡಿದರು. ಹೆಂಡತಿ ಅದನ್ನು ಓದಿ, ಚಾಕು ಕೆಳಗಿಟ್ಟು, ಏನೋ ಹೇಳಹೊರಟರು. "ಅಲ್ಲ ರೀ, ಆ ಪಾರ್ಸೆಲ್ಲು..."

"ನೀನೇನೂ ಕೊರಗಬೇಡ. ನಾನಿದ್ದೀನಿ."

ಹೆಂಡತಿ ಮತ್ತೆ ಚಾಕು ಕೈಗೆತ್ತಿಕೊಂಡರು.

ಮುಂದಿನ ಒಂದು ತಿಂಗಳು ರಾಯರ ಬದುಕಿನಲ್ಲೇ ಅತ್ಯಂತ ಉತ್ಸಾಹದ ತಿಂಗಳಾಗಿತ್ತು. ಊಟದಲ್ಲಿ ಉಪ್ಪು ಹೆಚ್ಚಾದದ್ದು ಅವರಿಗೆ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯವರು ಗೇಟಿನ ಮೇಲೆ ಬರೆಸಿದ್ದ ತಪ್ಪು ಅಕ್ಷರದ ವಿಷಯವನ್ನೂ ಕೈಬಿಟ್ಟರು. ಎಲ್ಲ ಪತ್ರಗಳನ್ನೂ ಒಂದು ಕಡತಕ್ಕೆ ಹಾಕಿ, ಮೇಲೆ ತಾವೇ ಮುದ್ದಾದ ಅಕ್ಷರದಲ್ಲಿ 'ಗುಂಡಿ ಪ್ರಕರಣ' ಎಂದು ಬರೆದಿಟ್ಟರು. ಕಂಪನಿಗೆ ಫೋನು ಮಾಡಿದಾಗ ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಂದು ಹೆಣ್ಣುದನಿ ಹೇಳಿ, ನಲವತ್ತು ನಿಮಿಷ ಪೀಪಿ ಊದಿಸಿ, ಕೊನೆಗೆ ಆ ಅಮೂಲ್ಯವನ್ನು ಕತ್ತರಿಸುತ್ತಿತ್ತು. ಸುಂಕದವರ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂದು ಹಿರಿಯರು ಹೇಳಿದ್ದಾರೆ ನಿಜ. ಆದರೆ ಆ ಹಿರಿಯರು ಫೋನಿನಲ್ಲಿ ಕಾದವರಲ್ಲ.

ಐದನೆಯ ಪತ್ರಕ್ಕೆ ಕಂಪನಿ ಮಣಿಯಿತು. ಪಾರ್ಸೆಲ್ ಯಾರ ಹೆಸರಿಗೆ ಬಂದಿತ್ತೋ ಅವರೊಡನೆ ಕಚೇರಿಗೆ ಬಂದರೆ ಸಹಿಯ ಪರಿಶೀಲನೆ ಮಾಡಬಹುದು ಎಂದು ಬರೆದಿತ್ತು. ಪಾರ್ಸೆಲ್ ಬಂದದ್ದು ಹೆಂಡತಿಯ ಹೆಸರಿಗೆ. ಹೆಂಡತಿ ತಲೆನೋವು ಎಂದರು, ಇಸ್ತ್ರಿ ಇದೆ ಎಂದರು, ಹೋಗಲಿ ಬಿಟ್ಟುಬಿಡಿ, ಗುಂಡಿ ಹೋದರೆ ಹೋಯಿತು ಎಂದರು. ನ್ಯಾಯ ಕೈಗೆ ಬರುವ ಹೊತ್ತಿಗೆ ತಲೆನೋವೇ ಎಂದು ರಾಯರು ಅವರನ್ನು ಹೊರಡಿಸಿಕೊಂಡೇ ಹೋದರು. ಬಸ್ಸಿನಲ್ಲಿ ಹೆಂಡತಿ, ರೀ ಒಂದು ಮಾತು, ಎಂದು ಎರಡು ಸಲ ಶುರು ಮಾಡಿದರು. ರಾಯರು ಅಲ್ಲಿ ಆಡಬೇಕಾದ ಭಾಷಣವನ್ನು ತುಟಿಯಲ್ಲೇ ಉರುಹೊಡೆಯುತ್ತಿದ್ದರಿಂದ ಕೈಸನ್ನೆಯಲ್ಲೇ ಸುಮ್ಮನಿರಿಸಿದರು.

ಕಚೇರಿಯಲ್ಲಿ ಸೀಲಿಂಗಿನವರೆಗೂ ರಟ್ಟಿನ ಪೆಟ್ಟಿಗೆಗಳು. ಕೌಂಟರಿನ ಹಿಂದೆ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದ ನಡುವಯಸ್ಸಿನ ಹೆಂಗಸು ಒಬ್ಬರೇ. ಅವರು ರಾಯರ ಕಡೆಗೆ ಒಂದು ಅರ್ಜಿ ತಳ್ಳಿ, ತುಂಬಿ ಕೊಡಿ ಎಂದು ಹೇಳಿ, ಹಳೆಯ ರಸೀದಿಗಳ ಕಟ್ಟು ತರಲು ಒಳಗೆ ಹೋದರು. ರಾಯರು ಅರ್ಜಿಯನ್ನು ತುಂಬಿದ್ದಷ್ಟೇ ಅಲ್ಲ, ಕೆಂಪು ಪೆನ್ನು ತೆಗೆದು ಅದರಲ್ಲಿದ್ದ ಹನ್ನೊಂದು ತಪ್ಪುಗಳನ್ನು ತಿದ್ದಿಯೂ ಕೊಟ್ಟರು. ಆಕೆ ಅದರ ಮೇಲೊಮ್ಮೆ ಕಣ್ಣಾಡಿಸಿ ಪಕ್ಕಕ್ಕಿಟ್ಟು, ಒಂದು ಹಳದಿ ರಸೀದಿಯನ್ನು ಮಡಚಿ, ಸಹಿ ಮಾತ್ರ ಕಾಣುವಂತೆ ಮುಂದಿಟ್ಟರು.

ರಾಯರು ಬಗ್ಗಿದರು. ಹತ್ತಿರದಿಂದ ನೋಡಿದರು, ದೂರ ಹಿಡಿದು ನೋಡಿದರು. ಅವರ ಮುಖದಲ್ಲಿ ಬೇಟೆ ಸಿಕ್ಕಿದವನ ಕಳೆ ಬಂತು. ಸಾಲಿನಲ್ಲಿ ನಿಂತಿದ್ದ ಏಳೆಂಟು ಜನಕ್ಕೂ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡರು.

"ನೋಡಿ ತಾಯಿ, ಅಕ್ಷರ ನೋಡೋದೇ ನನ್ನ ಕಸುಬು. ಈ ಸಹಿ ಮಾಡಿದವನು ಶಾಲೆ ಮೆಟ್ಟಿಲು ಹತ್ತಿರಬಹುದು, ಒಳಗೆ ಹೋಗಿಲ್ಲ. ಕಾಗೆಕಾಲು ಗುಬ್ಬಿಕಾಲು. ಈ ಸುಳಿ ನೋಡಿ, ಇದು ಕಳ್ಳನ ಅವಸರ. ಇಲ್ಲಿ ಒತ್ತಿರೋದು ನೋಡಿ, ಇದು ಮೂಟೆ ಹೊರೋ ಗಂಡಸಿನ ಕೈ."

ಸಾಲಿನಲ್ಲಿದ್ದ ಒಬ್ಬಿಬ್ಬರು ಹತ್ತಿರ ಬಂದು ಇಣುಕಿದರು. ಹೆಂಡತಿ ತಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಹಾಗಾದ್ರೆ ಇದು ನಿಮ್ಮ ಮನೆಯವರ ಸಹಿ ಅಲ್ಲ ಅಂತ ಬರೆದು ಕೊಡ್ತೀರಾ?" ಆಕೆ ಕೇಳಿದರು.

"ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೀನಿ. ನನ್ನ ಹೆಂಡತಿ ಅಕ್ಷರ ನನಗೆ ಗೊತ್ತಿಲ್ವೆ?"

ಹಾಗೆಂದು ಬರೆದು, ದಿನಾಂಕ ಹಾಕಿ, ಕೆಳಗೆ ಎರಡು ಗೆರೆ ಎಳೆದುಕೊಟ್ಟರು. ಆಗ ಹೆಂಡತಿ ಬಾಯಿ ತೆರೆದರು.

"ರೀ. ಅದು ನಂದೇ."

ರಾಯರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಆಗದೆ ಇದ್ದರೇ ಚೆನ್ನಾಗಿತ್ತು ಅನ್ನಿಸಿತು. ಹಿಂದೆ ಯಾರೋ ಕೆಮ್ಮಿದರು. ಆ ಕೆಮ್ಮು ಕೆಮ್ಮಾಗಿರಲಿಲ್ಲ.

"ಹಾಗಾದರೆ ನೀನು ನಾನೂರೈವತ್ತು..." ಎಂದು ರಾಯರು ತೊದಲಿದರು. ಒಂದು ತಿಂಗಳಿಂದ ಉಂಡ ಊಟವೆಲ್ಲ ಹೊಟ್ಟೆಯಲ್ಲಿ ಒಮ್ಮೆಗೇ ನೆನಪಾಯಿತು.

"ಎಲ್ಲಿ ಕೊಟ್ರು? ಮಾರನೇ ದಿನವೇ ಬಂದಿದ್ರು ಅಮ್ಮ, ನನಗೆ ಚೆನ್ನಾಗಿ ಜ್ಞಾಪಕ ಇದೆ," ಎಂದು ಕೌಂಟರಿನಾಕೆಯೇ ಹೇಳಿದರು. ಗುಂಡು ಎಂದು ಬರೆದಿದ್ದರಿಂದ ವಿಶೇಷ ತಪಾಸಣೆಯ ಪಟ್ಟಿಗೆ ಸೇರಿ, ಪೆಟ್ಟಿಗೆ ಯಾರೂ ಬಿಚ್ಚದಿದ್ದರೂ ಆ ಶುಲ್ಕ ಬಿದ್ದಿತ್ತಂತೆ. ಇದು ಗುಂಡಲ್ಲಮ್ಮ, ಗುಂಡಿ ಎಂದು ಇವರು ಹೇಳಿದ ಕೂಡಲೇ ಪೆಟ್ಟಿಗೆ ಬಿಚ್ಚಿ ನೋಡಿ, ತಪ್ಪು ತಮ್ಮದೇ ಎಂದು ಒಪ್ಪಿಕೊಂಡು, ಶುಲ್ಕ ಹೊಡೆದುಹಾಕಿ, ತೊಂಬತ್ತು ಮಾತ್ರ ಕಟ್ಟಿಸಿಕೊಂಡಿದ್ದರಂತೆ. ಆಕೆ ರಸೀದಿಯ ಮಡಿಕೆ ಬಿಚ್ಚಿ ತೋರಿಸಿದರು. ಆಡಳಿತ ಶುಲ್ಕದ ಮುಂದೆ ದುಂಡನೆಯ ಸೊನ್ನೆ ಇತ್ತು.

"ನನಗ್ಯಾಕೆ ಹೇಳಲಿಲ್ಲ?" ರಾಯರ ದನಿ ಸಣ್ಣದಾಗಿತ್ತು.

"ಅವತ್ತೇ ಹೇಳೋಣ ಅಂತಿದ್ದೆ. ನಾನು ಒಂದೇ ಮಾತಲ್ಲಿ ಬಿಡಿಸ್ಕೊಂಡು ಬಂದೆ ಅಂದ್ರೆ ನಿಮಗೆ ಬೇಜಾರಾಗುತ್ತೆ, ಗೆಲುವು ನಿಮ್ಮದೇ ಆಗ್ಲಿ ಅಂದ್ಕೊಂಡೆ. ಆಮೇಲೆ ಪತ್ರ ಬರೀತಾ ಬರೀತಾ ಎಷ್ಟು ಲವಲವಿಕೆಯಾಗಿದ್ರಿ. ನನ್ನ ಸಾರಲ್ಲೂ ತಪ್ಪು ಹುಡುಕಲಿಲ್ಲ. ಇನ್ನೊಂದು ವಾರ ಇರಲಿ, ಇನ್ನೊಂದು ವಾರ ಇರಲಿ ಅಂತ..."

ರಾಯರು ಕಡತವನ್ನು ಕಂಕುಳಿಗೆ ಸೇರಿಸಿಕೊಂಡು ಹೊರಡಲು ತಿರುಗಿದರು. ಕೌಂಟರಿನಾಕೆ ಅವರನ್ನು ಕರೆದು ನಿಲ್ಲಿಸಿದರು. ದೂರು ಸುಳ್ಳೆಂದು ಸಾಬೀತಾದರೆ ಪರಿಶೀಲನೆಯ ಖರ್ಚು ಅರ್ಜಿದಾರರದು. ಆಡಳಿತ ಶುಲ್ಕ, ಆರುನೂರು.

ಇದು ಎಲ್ಲಿ ಬರೆದಿದೆ ಎಂದು ರಾಯರು ಕೊನೆಯ ಸಲಕ್ಕೆ ಹೂಂಕರಿಸಿದರು. ಆಕೆ ಅವರ ಅರ್ಜಿಯನ್ನೇ ತಿರುಗಿಸಿ ಹಿಡಿದು, ಒಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟರು. 'ದೂರು ನಿರಾದಾರವೆಂದು ಕಂಡುಬಂದಲ್ಲಿ' ಎಂದು ಅಚ್ಚಾಗಿತ್ತು. ಆ ದಕಾರವನ್ನು ಕೆಂಪು ಶಾಯಿಯಲ್ಲಿ ಸೀಳಿ, ಯಾರೋ ಬಹಳ ಅಚ್ಚುಕಟ್ಟಾಗಿ ಧಕಾರ ಮಾಡಿದ್ದರು. ರಾಯರಿಗೆ ಆ ಅಕ್ಷರದ ಗುರುತು ಮಾತ್ರ ತಕ್ಷಣ ಸಿಕ್ಕಿತು.

ಅವರು ಪರ್ಸು ತೆಗೆದರು. ಅದರಲ್ಲಿ ಮುನ್ನೂರು ಮಾತ್ರ ಇತ್ತು. ಉಳಿದದ್ದನ್ನು ಹೆಂಡತಿ ತಮ್ಮ ಕೈಚೀಲದ ಒಳಜೇಬಿನಿಂದ, ಡಾಕ್ಟರಮ್ಮ ಗೌನಿನ ಸೊಬಗು ಕಂಡು ಖುಷಿಯಾಗಿ ಹೆಚ್ಚಿಗೆ ಕೊಟ್ಟಿದ್ದ ನೋಟುಗಳಿಂದ ಎಣಿಸಿ ಇಟ್ಟರು. ಪಾರ್ಸೆಲ್ ಅವರ ಹೆಸರಿನದೇ ಆದ್ದರಿಂದ ಹೊಸ ರಸೀದಿಗೂ ಅವರದೇ ಸಹಿ ಬೇಕಾಗಿತ್ತು. ಹೆಂಡತಿ ಪೆನ್ನು ಹಿಡಿದರು.

ಕಾಗುಣಿತರಾಯರು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಆ ಸಹಿ ಮೂಡುವುದನ್ನು ಮೊದಲಿನಿಂದ ಕೊನೆಯವರೆಗೂ ನೋಡುತ್ತ ನಿಂತರು.

"ಏನಾದ್ರೂ ತಪ್ಪಿದೆಯಾ?" ಹೆಂಡತಿ ತಲೆಯೆತ್ತದೆಯೇ ಕೇಳಿದರು.

ಇಲ್ಲ ಎಂದರು ರಾಯರು.