ಯಾರೂ ಊಹಿಸದ ಪಟ್ಟು

ಅಂದು ಬೆಳಿಗ್ಗೆ ಯಜಮಾನರು ಕಚೇರಿಗೆ ಬಂದಾಗ ಅವರ ಬಲಗೆನ್ನೆ ನುಣ್ಣಗಿತ್ತು, ಎಡಗೆನ್ನೆಯ ಮೇಲೆ ಸೋಪಿನ ನೊರೆ ಹಾಗೇ ಇತ್ತು. ಕೊರಳಿಗೆ ಕಟ್ಟಿದ್ದ ಸಲೂನಿನ ಬಿಳಿ ಬಟ್ಟೆಯನ್ನೂ ಬಿಚ್ಚಿರಲಿಲ್ಲ.

"ಮೇಷ್ಟ್ರೇ, ಇವತ್ತು ಸಂಜೆ ಕೊನೇ ಕುಸ್ತಿ ಹೇಗೆ ಮುಗಿಯುತ್ತೆ?"

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಕುಸ್ತಿ ಪ್ರದರ್ಶನದ ಆ ಕಂಪನಿಯಲ್ಲಿ ಯಾರು ಯಾರನ್ನು ಎತ್ತಿ ಒಗೆಯಬೇಕು, ಯಾರು ಎಷ್ಟು ಹೊತ್ತು ಸತ್ತಂತೆ ಬಿದ್ದಿರಬೇಕು, ಕೊನೆಗೆ ಯಾರ ಕೈ ಮೇಲಾಗಬೇಕು ಎಂದು ಮೊದಲೇ ಕತೆ ಕಟ್ಟಿಕೊಡುವುದು ಅವರ ಕೆಲಸ. ಸ್ವತಃ ಅವರು ಜೀವಮಾನದಲ್ಲಿ ಒಂದು ನೊಣದ ಮೇಲೆ ಮಾತ್ರ ಕೈಯೆತ್ತಿದ್ದರು; ಗೆದ್ದದ್ದು ನೊಣ. ಆದರೂ ಬಾಗಿಲಲ್ಲಿ ತಲೆ ತಗ್ಗಿಸಿ ಬರುವಂಥ ಆಳುಗಳು ಅವರು ತೋರಿಸಿದ ಕಡೆಯೇ ಬೀಳುತ್ತಿದ್ದುದರಿಂದ ಮೇಷ್ಟ್ರೆಂಬ ಹೆಸರು ಅಂಟಿಕೊಂಡಿತ್ತು.

"ಒಳ್ಳೇ ಕತೆ ಯಜಮಾನ್ರೇ. ನಮ್ಮ ಖಳ ಘಟಸರ್ಪ ಬಂದು ನಾಯಕ ಗುಡುಗಿನ ಕಣ್ಣಿಗೆ ಪುಡಿ ಎರಚ್ತಾನೆ..."

"ಆಗ ರೆಫರಿ ಬೇರೆ ಕಡೆ ನೋಡ್ತಿರ್ತಾನೆ."

"ಹೌದು!"

"ಗುಡುಗು ತಡಕಾಡ್ತಾ ಬೀಳ್ತಾನೆ. ಮುಗೀತು ಅನ್ನೋ ಹೊತ್ತಿಗೆ ಎದ್ದು, ಹಗ್ಗ ಹತ್ತಿ, ಹಾರಿ, ಗೆಲ್ತಾನೆ."

ಮೇಷ್ಟ್ರ ಮುಖ ಅರಳಿತು. "ನಿಮಗ್ಯಾರು ಹೇಳಿದ್ರು?"

"ಸಲೂನಿನವನು! ಕತ್ತೀನ ನನ್ನ ಕುತ್ತಿಗೆ ಮೇಲಿಟ್ಕೊಂಡು ಹೇಳ್ದ. ಅವನಿಗೆ ಯಾರೂ ಹೇಳಿಲ್ಲ, ತಾನೇ ಊಹಿಸಿದ್ದು. ಕೊನೇ ಕುಸ್ತಿ ಹೊತ್ತಿಗೆ ಅರ್ಧ ಜನ ಎದ್ದು ಹೋಗ್ತಾರಲ್ಲ, ಯಾಕೆ ಗೊತ್ತಾ? ಬಸ್ಸಲ್ಲಿ ಸೀಟು ಸಿಗಲಿ ಅಂತ! ಕುಸ್ತಿ ಹೇಗೆ ಮುಗಿಯುತ್ತೋ ಗೊತ್ತು, ಬಸ್ಸಲ್ಲಿ ಸೀಟು ಸಿಗುತ್ತೋ ಇಲ್ವೋ ಗೊತ್ತಿಲ್ಲ. ನಮ್ಮ ಕುಸ್ತಿಗಿಂತ ಬಸ್ಸೇ ರೋಚಕವಾಗಿದೆ ಮೇಷ್ಟ್ರೇ!"

ಕೂಗಿದ ರಭಸಕ್ಕೆ ಕೆನ್ನೆಯ ನೊರೆ ಹಾರಿ ಮೇಜಿನ ಮೇಲೆ ಬಿತ್ತು.

"ಸಂಜೆಯೊಳಗೆ ಕತೆ ಬದಲಾಗ್ಬೇಕು. ಒಬ್ಬನೇ ಒಬ್ಬ ಊಹಿಸಿದ್ರೂ ನಾಳೆಯಿಂದ ಈ ಕುರ್ಚಿ ಮೇಲೆ ಸಲೂನಿನವನನ್ನೇ ಕೂರಿಸ್ತೀನಿ. ಕತೇನೂ ಕಟ್ತಾನೆ, ಗಡ್ಡಾನೂ ಹೆರೀತಾನೆ."

ಹೀಗೆಂದವರು ಉಳಿದ ಕೆನ್ನೆಯನ್ನು ಮುಗಿಸಿಕೊಳ್ಳಲು ಹೊರಟುಹೋದರು.

ಮೇಷ್ಟ್ರು ಪೆನ್ನು ಕಚ್ಚಿದರು, ತಲೆ ಕೆರೆದರು, ಆಮೇಲೆ ಎದ್ದು ಪೋಷಾಕಿನ ಕೋಣೆಗೆ ಹೋದರು. ಅಲ್ಲಿ ಹೊಲಿಗೆ ಯಂತ್ರದ ಹಿಂದೆ ಅಕ್ಕ ಕೂತಿದ್ದಳು. ಆಕೆ ಇಡೀ ಕಂಪನಿಗೇ ಅಕ್ಕ; ಅದರಲ್ಲೂ ಗುಡುಗಿಗೆ ಒಡಹುಟ್ಟಿದ ಅಕ್ಕ, ಘಟಸರ್ಪನಿಗೆ ಕೈಹಿಡಿದ ಹೆಂಡತಿ. ಸಂಜೆ ಜನರೆದುರು ಒಬ್ಬರನ್ನೊಬ್ಬರು ಹಸಿಹಸಿ ನುಂಗುವಂತೆ ನೋಡುವ ಆ ಭಾವ-ಮೈದುನರು ಮಧ್ಯಾಹ್ನ ಆಕೆ ತಂದ ಒಂದೇ ಡಬ್ಬಿಯಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಇಬ್ಬರಿಗೂ ಲೋಕದಲ್ಲಿ ಭಯವೆಂದರೆ ಆಕೆಯದೊಂದೇ.

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಆಕೆ ದಾರವನ್ನು ಹಲ್ಲಿನಿಂದ ಕಡಿದು ಕೇಳಿದಳು: "ಏನು, ಇವತ್ತು ನಮ್ಮನೆಯವರನ್ನ ಗೆಲ್ಲಿಸ್ತೀರಾ?"

"ನಿನಗೆ ಹೇಗಮ್ಮ ಗೊತ್ತಾಯ್ತು?"

"ನೀವು ತಲೆ ಕೆರ್ಕೊಂಡು ಬಂದ ದಿನ ಕೆಟ್ಟವನೇ ಗೆಲ್ಲೋದು. ಎಲ್ರಿಗೂ ಗೊತ್ತು."

ಖಳನ ಗೆಲುವು ಅಲ್ಲಿಗೆ ಸತ್ತಿತು. ಹಾಗಾದರೆ ಇಬ್ಬರೂ ಒಟ್ಟಿಗೇ ಬಿದ್ದು ಇಬ್ಬರೂ ಸೋಲಲಿ ಎಂದುಕೊಂಡು ಹೊರಗೆ ಬಂದರೆ, ಕುಸ್ತಿಯ ವಿವರಣೆ ಕೂಗುವ ಮೈಕಿನವನು ಬಿಸಿನೀರಿನಲ್ಲಿ ಗಂಟಲು ತೊಳೆಯುತ್ತಿದ್ದ. ಮೇಷ್ಟ್ರ ಮುಖ ನೋಡಿದ್ದೇ, ನೀರು ಉಗಿದು, "ಇಬ್ರೂ ಬೀಳ್ತಾರೆ ಅಲ್ವಾ ಸಾರ್? ಎರಡು ತಿಂಗಳಿಂದ ಕಾಯ್ತಿದ್ದೆ, ಯಾವಾಗ ಮಾಡ್ತೀರಿ ಅಂತ" ಎಂದ.

ಮೇಷ್ಟ್ರು ಊಟಕ್ಕೆ ಮನೆಗೆ ಹೋದರು. ಹಸಿವು ಇರಲಿಲ್ಲ, ಆದರೆ ಮನೆಯಲ್ಲಿ ಕುಸ್ತಿಯ ಗಂಧಗಾಳಿ ಇಲ್ಲದವರಿದ್ದರು. ಹೆಂಡತಿ ಬಡಿಸಿದಳು. ಅತ್ತೆ ಎದುರಿಗೆ ಕೂತು, ಅಳಿಯನ ಮುಖದಲ್ಲಿ ಏನೋ ಓದುವವರಂತೆ ಕಣ್ಣು ಕಿರಿದು ಮಾಡಿದರು.

"ಅಳಿಯಂದ್ರೇ, ನನಗೇನೂ ತಿಳಿಯಲ್ಲ. ಆದ್ರೂ ಹೇಳ್ತೀನಿ. ಕೊನೇಲಿ ಇಬ್ರೂ ಅಣ್ಣ ತಮ್ಮಂದಿರು ಅಂತ ಗೊತ್ತಾಗ್ಬೇಕು. ತೋಳಲ್ಲಿ ಒಂದೇ ಥರ ಮಚ್ಚೆ. ತಬ್ಕೊಂಡು ಅಳ್ಬೇಕು."

ಬಾಯಿಯವರೆಗೆ ಬಂದಿದ್ದ ತುತ್ತು ಮೇಷ್ಟ್ರ ಕೈಯಿಂದ ಜಾರಿತು. ಗೇಟು ತೆರೆಯುವಾಗ ಅವರಿಗೆ ಹೊಳೆದಿದ್ದ ಕತೆ ಅದೇ. ಮಚ್ಚೆ ಕೂಡ ಇತ್ತು.

"ರೀ, ಎದೆ ನೋವಾ?" ಎಂದಳು ಹೆಂಡತಿ.

"ಎದೆನೋವಲ್ಲಮ್ಮ," ಎಂದು ಕಿಟಕಿಯಾಚೆ ಕಾಂಪೌಂಡ್ ಗೋಡೆಯ ಮೇಲೆ ಪಕ್ಕದ ಮನೆಯ ನಿವೃತ್ತ ಗುಮಾಸ್ತರ ತಲೆ ಎದ್ದಿತು. ಪಿಂಚಣಿ ಬಂದಾಗಿನಿಂದ ಆ ತಲೆಗೆ ಗೋಡೆಯೇ ಕಚೇರಿ. "ಕತೆ ಸಿಕ್ತಿಲ್ಲ ಅವರಿಗೆ. ರೆಫರಿನೇ ಕಳ್ಳ ಅಂತ ಮಾಡ್ಬಿಡಿ ಸ್ವಾಮಿ ಅನ್ನೋಣ ಅಂದ್ರೆ, ಅದೂ ಹಳಸಿಹೋಯ್ತು."

ಮೇಷ್ಟ್ರ ಕೊನೆಯ ಆಸರೆಯೂ ಹೋಯಿತು. ಕೈ ತೊಳೆದು, ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ರಸ್ತೆಗಿಳಿದರು. ಕಟ್ಟಿದ ಕತೆಯನ್ನೆಲ್ಲ ಊರೇ ಊಹಿಸುತ್ತದೆ ಎಂದು ಗೊಣಗುತ್ತ ತಿರುವು ದಾಟಿದವರು ಥಟ್ಟನೆ ನಿಂತರು. ಸೈಕಲ್ಲಿನವನೊಬ್ಬ ಬೈದು ಪಕ್ಕಕ್ಕೆ ಹೋದ. ಮೇಷ್ಟ್ರಿಗೆ ಕೇಳಿಸಲಿಲ್ಲ. ಕಟ್ಟಿದ ಕತೆಯನ್ನು ತಾನೇ ಊಹಿಸುವುದು? ಕಟ್ಟದೇ ಇರುವ ಕತೆಯನ್ನು ಊಹಿಸುವ ಗಂಡು ಎಲ್ಲಿದ್ದಾನೆ?

ಓಡುತ್ತಲೇ ಹೋಗಿ ಭಾವ-ಮೈದುನರನ್ನು ಮೂಲೆಗೆ ಕರೆದರು. "ಇವತ್ತು ಕತೆ ಇಲ್ಲ. ನಿಜವಾಗಿ ಹೊಡೆದಾಡಿ. ಗೆದ್ದವನು ಗೆದ್ದ, ಸೋತವನು ಸೋತ."

ಘಟಸರ್ಪ ಒಂದು ಹೆಜ್ಜೆ ಹಿಂದೆ ಸರಿದ. "ನಿಜವಾಗಿ ಅಂದ್ರೆ... ನೋವಾಗೋ ಹಾಗಾ?"

"ನನಗೆ ಅಭ್ಯಾಸ ಇಲ್ಲ ಮೇಷ್ಟ್ರೇ," ಎಂದ ಗುಡುಗು. "ಭಾವಂಗೆ ಏನಾದ್ರೂ ಆದ್ರೆ ಅಕ್ಕ ನನ್ನ ಸುಮ್ನೆ ಬಿಡ್ತಾಳಾ?"

"ಇವನಿಗೆ ಏನಾದ್ರೂ ಆದ್ರೆ ನನ್ನನ್ನ ಮನೆಗೇ ಸೇರಿಸಲ್ಲ," ಎಂದ ಘಟಸರ್ಪ.

"ನನ್ನ ಕೆಲಸ ಹೋಗುತ್ತೆ ಕಣ್ರಪ್ಪ!" ಎಂದು ಮೇಷ್ಟ್ರು ಕೈ ಮುಗಿದರು. ಮೃದು ಮನಸ್ಸಿನವರಾದ ಇಬ್ಬರೂ ತಲೆಯಾಡಿಸಿದರು.

ಸಂಜೆ ಕೊನೇ ಕುಸ್ತಿಯ ಗಂಟೆಗೆ ಮೊದಲು ಯಜಮಾನರು ಮುಂದಿನ ಸಾಲಿನಲ್ಲಿ ಸಲೂನಿನವನ ಪಕ್ಕದಲ್ಲೇ ಕೂತು ಕೇಳಿದರು: "ಹೇಳಪ್ಪ, ಹೇಗೆ ಮುಗಿಯುತ್ತೆ?" ಅವನು ರಿಂಗಿನತ್ತ ನೋಡಿದ. ಇಬ್ಬರು ಕುಸ್ತಿಯವರ ಮುಖದಲ್ಲೂ ಹಲ್ಲು ಕೀಳಿಸಿಕೊಳ್ಳಲು ಬಂದವರ ಕಳೆ. "ಗೊತ್ತಾಗ್ತಿಲ್ಲ ಯಜಮಾನ್ರೇ," ಎಂದು ಒಪ್ಪಿಕೊಂಡ. ಪರದೆಯ ಹಿಂದೆ ಮೇಷ್ಟ್ರು ಆ ದಿನದಲ್ಲಿ ಮೊದಲ ಬಾರಿಗೆ ಪೂರ್ತಿ ಉಸಿರು ಬಿಟ್ಟರು.

ಗಂಟೆ ಹೊಡೆಯಿತು. ಇಬ್ಬರೂ ಸುತ್ತತೊಡಗಿದರು. ಸುತ್ತಿದರು, ಸುತ್ತಿದರು, ಗಾಣದ ಎತ್ತುಗಳ ಹಾಗೆ ಸುತ್ತುತ್ತಲೇ ಇದ್ದರು.

"ಹೊಡಿ ಮಾರಾಯ," ಎಂದ ಘಟಸರ್ಪ ಪಿಸುದನಿಯಲ್ಲಿ.

"ನೀವು ದೊಡ್ಡೋರು ಭಾವ, ನೀವೇ ಮೊದಲು."

ಕೊನೆಗೆ ಹೇಗೋ ಒಬ್ಬರನ್ನೊಬ್ಬರು ಹಿಡಿದರು. ನಿಜವಾದ ಹಿಡಿತ ನೋಡಲು ಅಷ್ಟೇನೂ ಚೆನ್ನಾಗಿರಲಿಲ್ಲ. ಇಬ್ಬರು ಸೇರಿ ಕಬ್ಬಿಣದ ಬೀರುವನ್ನು ಮಹಡಿಗೆ ಸಾಗಿಸುತ್ತಿರುವ ಹಾಗಿತ್ತು. ಬೀರು ಮಾತ್ರ ಇರಲಿಲ್ಲ. ಯಾರೂ ಹಾರಲಿಲ್ಲ, ಯಾರೂ ಗರ್ಜಿಸಲಿಲ್ಲ. ಏದುಸಿರು ಮಾತ್ರ ಕೇಳುತ್ತಿತ್ತು.

"ನಾಟಕ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಎಲ್ಲಾ ಮೊದಲೇ ಮಾತಾಡ್ಕೊಂಡಿದ್ದಾರೆ! ದುಡ್ಡು ವಾಪಸ್ ಕೊಡಿ!"

ಅಷ್ಟರಲ್ಲಿ ಘಟಸರ್ಪನ ಮೊಣಕೈ ಜಾರಿ ಗುಡುಗಿನ ಮೂಗಿಗೆ ಬಡಿಯಿತು. ರಕ್ತ ಇಳಿಯಿತು. ಕಂಪನಿಯ ಇತಿಹಾಸದಲ್ಲಿ ಹರಿದ ಮೊದಲ ಅಸಲಿ ರಕ್ತ ಅದು.

"ಬಣ್ಣ ಕಣ್ರೋ ಅದು!" ಎಂದು ಜನ ನಕ್ಕರು. "ಹೋದ ವಾರದ ರಕ್ತಾನೇ ಚೆನ್ನಾಗಿತ್ತು!"

ಯಜಮಾನರು ಎದ್ದು ನಿಂತಿದ್ದರು. ಮುಂದಿನ ಸಾಲೂ ಬಸ್ಸಿನ ಕಡೆಗೆ ಹೊರಡತೊಡಗಿತು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿ, ಹಗ್ಗದ ನಡುವೆ ನುಸುಳಿ, ರಿಂಗಿನ ಮಧ್ಯೆ ನಿಂತು ಎರಡೂ ಕೈ ಮೇಲೆತ್ತಿದರು.

"ಮಹಾಜನಗಳೇ! ಇದೊಂದೇ ನಿಜವಾದ ಕುಸ್ತಿ! ಇಷ್ಟು ದಿನ ನೀವು ನೋಡಿದ್ದೇ ಸುಳ್ಳು!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನ ನಡುವೆ ಅಕ್ಕ ಒಳಗಿನಿಂದ ಬಂದಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ತಮ್ಮನ ಮೂಗು ನೋಡಿದಳು. ಗಂಡನ ಮೊಣಕೈ ನೋಡಿದಳು. ಹಗ್ಗ ದಾಟಿದಳು.

"ಯಾರು ಹೇಳಿದ್ದು ನಿಮಗೆ, ನಿಜವಾಗಿ ಹೊಡೀರಿ ಅಂತ?"

ಭಾವ-ಮೈದುನರ ಎರಡು ಬೆರಳುಗಳು ಒಮ್ಮೆಲೇ ಮೇಷ್ಟ್ರತ್ತ ಚಾಚಿಕೊಂಡವು.

"ಅಕ್ಕಾ, ಸ್ವಲ್ಪ ಕೇಳು, ಈ ಕತೆ ಏನಂದ್ರೆ..." ಎನ್ನುವಷ್ಟರಲ್ಲಿ ಮೇಷ್ಟ್ರ ಪಾದಗಳು ನೆಲ ಬಿಟ್ಟಿದ್ದವು. ಆಕೆ ಅವರನ್ನು ಬಟ್ಟೆಯ ಗಂಟಿನಂತೆ ಹೆಗಲಿಗೇರಿಸಿ, ಒಂದು ಸುತ್ತು ತಿರುಗಿ, ಹಗ್ಗದಾಚೆಗೆ ಬಿಟ್ಟಳು. ಮೇಷ್ಟ್ರು ಮೈಕಿನವನ ಮೇಜಿನ ಮೇಲೆ ಇಳಿದರು. ಮೇಜು ಅಸಲಿ ಆದ್ದರಿಂದ ಮುರಿಯಲಿಲ್ಲ.

ಸಭಾಂಗಣ ಸಿಡಿಯಿತು. ಬಾಗಿಲವರೆಗೆ ಹೋದವರು ಓಡಿಬಂದರು, ಕುರ್ಚಿಗಳ ಮೇಲೆ ಹತ್ತಿ ಶಿಳ್ಳೆ ಹಾಕಿದರು. ಆ ರಾತ್ರಿ ಬಸ್ಸು ಖಾಲಿ ಹೋಯಿತು.

ಪೋಷಾಕಿನ ಕೋಣೆಯಲ್ಲಿ ಮೇಷ್ಟ್ರು ಬೋರಲಾಗಿ ಮಲಗಿದ್ದಾಗ ಯಜಮಾನರು ನಗುತ್ತ ಬಂದರು.

"ಮೇಷ್ಟ್ರೇ, ಒಬ್ಬನಾದ್ರೂ ಊಹಿಸಿದ್ನಾ? ಸಲೂನಿನವನು ಕೈ ಮುಗಿದು ಹೋದ. ನಿಮ್ಮ ಕೆಲಸಕ್ಕೆ ಯಾವ ಧಕ್ಕೇನೂ ಇಲ್ಲ, ಹೆದರಬೇಡಿ."

ಮೇಷ್ಟ್ರು ನೋವಿನ ನಡುವೆಯೂ ನಕ್ಕರು. "ಹಾಗಾದ್ರೆ ಮುಂದಿನ ವಾರದ ಕತೆ..."

"ಅದರ ಚಿಂತೆ ನಿಮಗೆ ಬೇಡ. ಅಂಥಾ ಮುಕ್ತಾಯಾನ ನಿಂತ ನಿಲುವಿನಲ್ಲೇ ಕಟ್ಟಿದ್ದು ಅಕ್ಕ. ಇನ್ಮೇಲೆ ಕತೆ ಅವಳು ನೋಡ್ಕೋತಾಳೆ. ನೀವು ಬೀಳೋದು ನೋಡ್ಕೊಳ್ಳಿ. ಸಂಬಳ ಮಾತ್ರ ಮೊದಲಿನಷ್ಟೇ."

ಅಕ್ಕ ಟೇಪು ಹಿಡಿದು ಬಂದು ಮೇಷ್ಟ್ರ ಸೊಂಟದ ಅಳತೆ ತೆಗೆಯತೊಡಗಿದಳು. ಕೆಂಪು ಬಣ್ಣದ ಮಿನುಗುವ ಚಡ್ಡಿಯ ಬಟ್ಟೆ ಆಗಲೇ ಯಂತ್ರದ ಮೇಲಿತ್ತು. ಮೇಷ್ಟ್ರು ಕತ್ತು ಹೊರಳಿಸಲಾಗದೆ, ನೆಲವನ್ನೇ ನೋಡುತ್ತ ಮೆಲ್ಲಗೆ ಕೇಳಿದರು:

"ಅಕ್ಕಾ, ಮುಂದಿನ ವಾರ ಯಾವ ಕಡೆ ಬೀಳ್ಬೇಕು ಅಂತ ಒಂಚೂರು ಮುಂಚೆನೇ ಹೇಳ್ತೀಯಾ?"

"ಊಹೂಂ," ಎಂದಳು ಅಕ್ಕ, ಟೇಪು ಬಿಗಿ ಮಾಡುತ್ತ. "ಮೊದಲೇ ಗೊತ್ತಾದ್ರೆ ನೀವು ಚೆನ್ನಾಗಿ ಬೀಳಲ್ಲ ಮೇಷ್ಟ್ರೇ."