ಮೇಲಿಂದ ನೋಡಿದ ಸೋಫಾ

"ಮುನ್ನೂರು ಜನರನ್ನು ಹೊತ್ತು ಹಾರೋ ರೆಕ್ಕೆಯನ್ನೇ ಅಳೆದವನು ಕಣೇ ನಾನು! ಮೂವರು ಕೂರೋ ಸೋಫಾಕ್ಕೆ ಹೆದರ್ತೀನಾ?"

ಗುಡುಗಿದವರು ರೆಕ್ಕೆರಾಯರು. ವಿಮಾನ ಕಾರ್ಖಾನೆಯಲ್ಲಿ ಜೀವಮಾನವಿಡೀ ರೆಕ್ಕೆಗಳ ವಿಸ್ತೀರ್ಣ ಲೆಕ್ಕ ಹಾಕಿ ನಿವೃತ್ತರಾದ ಅವರಿಗೆ ಬೀದಿಯವರು ಇಟ್ಟ ಹೆಸರು ಅದು. ಆ ಗುಡುಗಿಗೆ ಗೋಡೆ ಗಡಿಯಾರ ಐದು ನಿಮಿಷ ಮುಂದಕ್ಕೋಡಿತು!

ಹೆಂಡತಿ ಆಸ್ಪತ್ರೆಯ ನರ್ಸ್. ಆ ವಾರ ಅವರ ನಿವೃತ್ತಿ. ವಾರ್ಡಿನವರೆಲ್ಲ ಮೊದಲ ಸಲ ಮನೆಗೆ ಬರುವವರಿದ್ದರು. ಸೋಫಾದ ಸೀಟು ಹರಿದಿತ್ತು, ಬೆನ್ನಿನಿಂದ ಸ್ಪಂಜು ನಾಲಿಗೆ ಚಾಚಿತ್ತು.

"ರೀ, ಹರುಕು ಕಾಣದ ಹಾಗೆ ಒಂದು ಕವರ್ ಹೊಲಿಸಿಕೊಡಿ. ನನ್ನ ಮರ್ಯಾದೆ ನಿಮ್ಮ ಕೈಲಿದೆ."

ರಾಯರು ಸ್ಟೂಲು ಹತ್ತಿ, ಗರುಡನಂತೆ ಮೇಲಿಂದ ಸೋಫಾವನ್ನು ದಿಟ್ಟಿಸಿದರು.

"ಅಲ್ಲಿ ಹತ್ತಿ ಏನ್ ಮಾಡ್ತಿದ್ದೀರಿ?"

"ನಮ್ಮ ರೆಕ್ಕೆ ಲೆಕ್ಕದಲ್ಲಿ ವಿಸ್ತೀರ್ಣ ಅಂದ್ರೆ ಮೇಲಿಂದ ನೋಡಿದಾಗ ಕಾಣೋ ಆಕಾರ. ನೆತ್ತಿ ಮೇಲೆ ಸೂರ್ಯ ಇದ್ದಾಗ ಬೀಳೋ ನೆರಳು ಅಂದ್ಕೋ. ಉಬ್ಬು, ದಪ್ಪ, ಕೆಳಮೈ ಯಾವುದೂ ಬೇಡ. ಆದ್ರೆ ಎರಡು ರೆಕ್ಕೆ ನಡುವೆ ವಿಮಾನದ ಹೊಟ್ಟೆಯೊಳಗೆ ಅಡಗಿರೋ ಜಾಗ ಇದೆಯಲ್ಲ, ಅದನ್ನ ಮಾತ್ರ ಗೆರೆ ಎಳೆದು ಸೇರಿಸ್ಕೋತೀವಿ. ನೋಡು, ದಿಂಬಿನ ಕೆಳಗಿನ ಜಾಗಾನೂ ಸೇರಿಸಿದ್ದೀನಿ!"

"ಅಂದ್ರೆ ಆಟಕ್ಕಿಲ್ಲ, ಲೆಕ್ಕಕ್ಕುಂಟು ಅನ್ನಿ."

ಆ ಅಳತೆಯಂತೆಯೇ ದರ್ಜಿ ಹೊಲಿದ. ಕವರ್ ಬಂದಾಗ ಅತಿಥಿಗಳು ಗೇಟಿನಲ್ಲಿದ್ದರು. ಹಾಸಿದರೆ ಸೀಟು ಮುಚ್ಚಿತು, ಬೆನ್ನು ಬತ್ತಲೆ! ಮೇಲಿಂದ ನೋಡಿದವರಿಗೆ ನೆಟ್ಟಗೆ ನಿಂತ ಬೆನ್ನು ಬರೀ ಒಂದು ಪಟ್ಟಿಯಾಗಿ ಕಂಡಿತ್ತು.

ಹೆಂಡತಿಯ ಮುಖ ಬಿಳಿಚಿತು. ರಾಯರು ಹಿಂದುಮುಂದು ನೋಡದೆ ಸ್ಪಂಜಿಗೆ ಬೆನ್ನು ಕೊಟ್ಟು ಕೂತರು. ಕೂತವರು ಬಂಡೆಯಾದರು! ಚಹಾ ಬಂತು, ಏಳಲಿಲ್ಲ. ಫೋಟೋಗೆ ಕರೆದರು, ಏಳಲಿಲ್ಲ.

"ಯಾಕ್ ಸಾರ್, ಸೊಂಟ ಹಿಡ್ಕೊಂಡಿದೆಯಾ?" ಎಂದರು ಡಾಕ್ಟರು.

"ಇಲ್ಲ, ಮಾನ ಹಿಡ್ಕೊಂಡಿದೆ," ಎಂದು ಗೊಣಗಿದರು ರಾಯರು.

ಏಳುವಂತಿಲ್ಲದ ಮೇಲೆ ಕೇಳಲೇಬೇಕಲ್ಲ! ಒಬ್ಬೊಬ್ಬರೇ ತಮ್ಮ ನರ್ಸ್ ಅಕ್ಕನ ಬಗ್ಗೆ ಹೇಳತೊಡಗಿದರು. ಚುಚ್ಚುಮದ್ದಿಗೆ ಅರಚುವ ಮಕ್ಕಳು ಅಕ್ಕನ ಕೈ ಕಂಡರೆ ತೆಪ್ಪಗಾಗುತ್ತಿದ್ದುದು. ಯಾರೂ ಇಲ್ಲದ ಮುದುಕಿಯೊಬ್ಬಳಿಗೆ ಅಕ್ಕ ರಜೆಯ ದಿನವೂ ಬಂದು ತಲೆ ಬಾಚುತ್ತಿದ್ದುದು. ಹೇಳುತ್ತಾ ಆಯಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ರಜೆಯ ದಿನಗಳು ರಾಯರಿಗೆ ನೆನಪಿದ್ದವು. ಊಟ ತಡವಾಯಿತೆಂದು ಅವರು ಹಾರಾಡಿದ ದಿನಗಳವು.

ಎಲ್ಲರೂ ಹೋದರು. ರಾಯರು ಮಾತ್ರ ಕೂತೇ ಇದ್ದರು.

"ಇಷ್ಟೆಲ್ಲ ಮಾಡಿದ್ಯೇನೇ? ನನ್ನ ಲೆಕ್ಕಕ್ಕೆ ಇದ್ಯಾವುದೂ ಬರ್ಲೇ ಇಲ್ವಲ್ಲ!"

ಹೆಂಡತಿ ಲೋಟಗಳನ್ನು ಜೋಡಿಸುತ್ತಾ ನಕ್ಕರು. "ಯಾವಾಗ್ಲೂ ಸ್ಟೂಲ್ ಮೇಲೇ ನಿಂತಿದ್ರೆ ಎಲ್ಲಿ ಕಾಣುತ್ತೆ ರೀ? ಏಳಿ ಈಗ, ಪಾಪ, ಸ್ಪಂಜು ಉಸಿರಾಡ್ಲಿ!"